ಎರಡನೆಯ ಗುಂಡು

ಗುಬ್ಬಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೂ ಯಾವ ಕಾಲನ್ನು ಚಾಚಿಕೊಂಡು ಕೂರಬೇಕೆಂಬುದು ಹೊಂಬಾಳಮ್ಮನಿಗೆ ತಕ್ಷಣ ಹೊಳೆಯಲಿಲ್ಲ. ಬಲಗಾಲು. ಎರಡು ವರ್ಷದಿಂದ ಬಲಗಾಲೇ. ಆದರೂ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದಾಗ, ಹೀಗೆ ಬಸ್ಸು ಹತ್ತುವಾಗ, ಒಂದು ಗಳಿಗೆ ಅವಳು ಮನಸ್ಸಿನಲ್ಲೇ ತಡಕಾಡಿ ಖಾತ್ರಿ ಮಾಡಿಕೊಳ್ಳಬೇಕಾಗುತ್ತಿತ್ತು. ಈ ಜಾಗವೂ ಆ ಕಾಲಿನಿಂದಲೇ ಸಿಕ್ಕಿದ್ದು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅವಳ ಗುರುತು ಹಿಡಿದಿದ್ದ. 'ಪೇಪರ್‌ನಲ್ಲಿ ಬಂದಿದ್ರಲ್ಲ, ಫಾರಿನ್‌ಗೆ ಓಡಕ್ಕೆ ಹೋಗಿ ಕಾಲ್ ಏಟು ಮಾಡ್ಕೊಂಡೋರು, ಅವ್ರೇ ತಾನೇ? ಏಯ್ ಅಜ್ಜಿ, ಏಳು ಏಳು, ಅವ್ರು ಕೂತ್ಕೊಳ್ಳಿ' ಎಂದು ಬಿದಿರಿನ ಮಂಕರಿ ತಬ್ಬಿಕೊಂಡು ಕೂತಿದ್ದ ಮುದುಕಿಯೊಬ್ಬಳನ್ನು ಎಬ್ಬಿಸಿದ್ದ. ಬೇಡವೆನ್ನಲು ಹೊಂಬಾಳಮ್ಮ ಬಾಯಿ ತೆರೆದಳು. ಬೇಡವೆಂದರೆ ಅದರ ಹಿಂದೆಯೇ ಇನ್ನೇನನ್ನೋ ಹೇಳಬೇಕಾಗುತ್ತದೆ ಅನ್ನಿಸಿ ಕೂತುಬಿಟ್ಟಳು. ಮುದುಕಿ ಕಂಬಿ ಹಿಡಿದು ನಿಂತು, ಅವಳ ಕಾಲನ್ನೇ ಮರುಕದಿಂದ ನೋಡುತ್ತ, 'ಎಳೇ ವಯಸ್ಸು ಪಾಪ, ಎಂಥ ಕೆಲ್ಸ ಆಗೋಯ್ತು' ಎಂದಳು. 'ಏನ್ ಮಾಡಕಾಯ್ತದೆ ಅಜ್ಜಿ' ಎಂದಳು ಹೊಂಬಾಳಮ್ಮ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮಲ್ಲಸಂದ್ರ ದಾಟುವವರೆಗೂ ಅವಳು ನಾಚಿಕೆ ಬರಲೆಂದು ಕಾದಳು. ಕಿಟಕಿಯಾಚೆ ರಾಗಿ ಕೊಯ್ದ ಹೊಲಗಳು, ತೆಂಗಿನ ತೋಟಗಳು ಹೋಗುತ್ತಿದ್ದವು, ಎಲ್ಲವೂ ಯಾರೋ ಬೇರೆಯವರು ನೋಡುತ್ತಿರುವ ಹಾಗೆ.

ಜೊತೆಯಲ್ಲಿ ಓಡುತ್ತಿದ್ದ ಗೆಳತಿ ಶಾರದಳ ಕಾಗದ ಬಂದು ಹತ್ತು ದಿನವಾಗಿತ್ತು. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಅವಳೀಗ ಡ್ರಿಲ್ ಟೀಚರು. 'ಹದಿನೇಳನೇ ತಾರೀಕು ನಮ್ಮ ಸ್ಪೋರ್ಟ್ಸ್ ಡೇ. ನೀನು ಬಂದು ಹುಡುಗೀರಿಗೆ ನಾಲ್ಕು ಮಾತು ಹೇಳಬೇಕು. ಡ್ಯೂಟಿ ಅಂತ ತಪ್ಪಿಸಿಕೊಳ್ಳಬೇಡ, ಬುಧವಾರ ನಿನಗೆ ಆಫ್ ಅನ್ನೋದು ನನಗೆ ಗೊತ್ತು' ಎಂದು ಬರೆದಿದ್ದಳು. ಒಂದೂವರೆ ವರ್ಷದಿಂದ ಹೊಂಬಾಳಮ್ಮ ಅವಳನ್ನು ನೋಡಿರಲಿಲ್ಲ. ನೋಡದಿರುವುದು ಸುಲಭವಾಗಿತ್ತು. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸ, ಪಾಳಿಯ ಲೆಕ್ಕ, ಮರಳೂರಿನ ಒಂದು ಕೋಣೆ. ಎಕ್ಸ್‌ಚೇಂಜಿನ ಹಿರಿಯ ಆಪರೇಟರ್ ರಂಗಲಕ್ಷ್ಮಮ್ಮ ಹೊಸಬರು ಯಾರು ಬಂದರೂ ಅವಳನ್ನು ತೋರಿಸಿ, 'ಇವ್ಳಿಗೆ ಒಂದು ಕಾಲು ಹೋದ್ರೇನಂತೆ, ದಿನಕ್ಕೆ ಮುನ್ನೂರು ಕಾಲು ಬರುತ್ತೆ' ಎಂದು ನಗಿಸುತ್ತಿದ್ದಳು. ಹೊಂಬಾಳಮ್ಮನೂ ನಗುತ್ತಿದ್ದಳು. ಆ ನಗುವಿಗೂ ಒಂದು ಅಭ್ಯಾಸ ಬಿದ್ದಿತ್ತು.

ಎರಡು ವರ್ಷದ ಹಿಂದೆ ಓಡಲು ಹೋಗಿದ್ದ ಆ ಪರದೇಶದ ಊರಿನಲ್ಲಿ ಹೊರಗೆ ಮಂಜು ಬಿದ್ದಿತ್ತು, ಒಳಗೆ ಬೆವರು ಬರುವಷ್ಟು ಸೆಕೆ. ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವ ಮೊದಲೇ ಅವಳು ವಾಪಸಾಗಿದ್ದಳು. ಸೂರಿನ ಕೆಳಗೆ ಓಟ ಎಂದಾಗ ಅಪ್ಪ ಗಂಗಹನುಮಯ್ಯ, 'ಮನೆ ಒಳಗೆ ಎಂಗ್ಲಾ ಓಡಾರು, ಗೋಡೆಗೆ ಗುದ್ಕೊಳಕಿಲ್ವಾ?' ಎಂದು ನಕ್ಕಿದ್ದ. ಹುಲಿಯೂರುದುರ್ಗದ ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಮಗಳನ್ನೂ ಅವನು ಏನ್ಲಾ ಎಂದೇ ಕರೆಯುತ್ತಿದ್ದುದು. ಗೋಡೆಗೆ ಗುದ್ದಿಕೊಳ್ಳುವ ಮಾತು ಸುಳ್ಳೇನಾಗಿರಲಿಲ್ಲ. ಅರವತ್ತು ಮೀಟರಿನ ಆಚೆ ಆಳೆತ್ತರದ ಸ್ಪಂಜಿನ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಗೆದ್ದವರೂ ಸೋತವರೂ ಹೋಗಿ ಅದಕ್ಕೆ ಅಪ್ಪಳಿಸಿಯೇ ನಿಲ್ಲಬೇಕಿತ್ತು. ಕೋಚ್ ಪಟ್ಟಾಭಿರಾಮ ಮೇಷ್ಟ್ರು ಇದಕ್ಕೆಂದೇ ತುಮಕೂರಿನಲ್ಲಿ ಕೊಬ್ಬರಿಯ ಖಾಲಿ ಗೋಡೌನೊಂದನ್ನು ಕೇಳಿ ಪಡೆದು, ಗೋಡೆಗೆ ಗೋಣಿಚೀಲದ ಮೂಟೆ ಪೇರಿಸಿ, ಗುಂಡಿನ ಸದ್ದಿಗೆ ಬದಲಾಗಿ ಎರಡು ಹಲಗೆಗಳನ್ನು ಚಟೀರೆಂದು ಬಡಿದು ಅವಳನ್ನೂ ಶಾರದಳನ್ನೂ ಎರಡು ತಿಂಗಳು ಓಡಿಸಿದ್ದರು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಬೆಂಗಳೂರಿನ ಟ್ರಯಲ್‌ನಲ್ಲಿ ಹೊಂಬಾಳಮ್ಮ ಒಂದು ಎದೆಯಷ್ಟು ಮುಂದೆ ಬಂದಳು. ಅದರಲ್ಲಿ ಯಾವ ಮೋಸವೂ ಇರಲಿಲ್ಲ. ಶಾರದ ಅವಳ ಬೆನ್ನು ತಟ್ಟಿ, 'ನನ್ನ ಪಾಲಿಂದೂ ಓಡಿ ಬಾರೇ' ಎಂದಿದ್ದಳು.

ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಆರು ಜನ, ಅವಳದು ಎರಡನೆಯ ಲೇನು. ಮೊದಲನೆಯ ಸಲ ಗುಂಡು ಹಾರಿದಾಗ ಮೂರನೆಯ ಲೇನಿನ ಎತ್ತರದ ಹೆಂಗಸು ಮೊದಲೇ ಹೊರಟಿದ್ದಳೆಂದು ಎರಡನೆಯ ಗುಂಡು ಹಾರಿಸಿ ಎಲ್ಲರನ್ನೂ ಹಿಂದಕ್ಕೆ ಕರೆದರು. ಮತ್ತೆ ಬಗ್ಗಿದರು, ಮತ್ತೆ ಗುಂಡು. ಈ ಸಲ ಐದನೆಯ ಲೇನು, ಮತ್ತೆ ಎರಡನೆಯ ಗುಂಡು. ಸೂರಿಗೆ ಬಡಿದು ಮರಳಿ ಬರುತ್ತಿದ್ದ ಆ ಸದ್ದು ಹಲಗೆಯ ಸದ್ದಿನ ಹಾಗಿರಲಿಲ್ಲ. ಎಲ್ಲಿಂದ ಬಂತೆಂದೇ ತಿಳಿಯುತ್ತಿರಲಿಲ್ಲ. ಮೂರನೆಯ ಸಲ ಬಗ್ಗಿದಾಗ ಅವಳ ಮನಸ್ಸಿನಲ್ಲಿ ಹೆದರಿಕೆ ಏನೂ ಇರಲಿಲ್ಲ. ಅದನ್ನು ಆಮೇಲೆ ಎಷ್ಟು ಸಲ ಕೆದಕಿ ನೋಡಿದ್ದಳೋ. ಹೆದರಿಕೆ ಇದ್ದಿದ್ದರೆ ಒಳ್ಳೆಯದಿತ್ತು. ಗುಂಡು ಹಾರಿತು. ಪಕ್ಕದ ಲೇನಿನ ಬೆನ್ನು ತನಗಿಂತ ಮೊದಲೇ ಎದ್ದಿದ್ದು ಕಣ್ಣಂಚಿಗೆ ಕಾಣಿಸಿತು. ಇದೂ ತಪ್ಪು ಸ್ಟಾರ್ಟೇ, ಈಗ ಎರಡನೆಯ ಗುಂಡು ಹಾರುತ್ತದೆ, ಸುಮ್ಮನೆ ಯಾಕೆ ದಣಿಯಬೇಕು ಅಂದುಕೊಂಡಳು. ಬೆರಳುಗಳನ್ನು ಗೆರೆಯ ಹಿಂದೆ ಊರಿಕೊಂಡೇ ಕಾದಳು. ಐದು ಬೆನ್ನುಗಳು ಚಿಕ್ಕದಾಗುತ್ತ ಹೋದವು. ಈಗ ಹಾರುತ್ತದೆ. ಈಗ. ಜನ ಕೂಗುತ್ತಿದ್ದರು. ಧೊಪ್ ಧೊಪ್ಪೆಂದು ಐದು ದೇಹಗಳು ಸ್ಪಂಜಿಗೆ ಬಡಿದದ್ದು ಕೇಳಿಸಿತು. ಎರಡನೆಯ ಗುಂಡು ಹಾರಲೇ ಇಲ್ಲ.

ಕೋಟು ಹಾಕಿದ ಒಬ್ಬ ಬಂದು ಬಗ್ಗಿ ತನ್ನ ಭಾಷೆಯಲ್ಲಿ ಏನೋ ಕೇಳಿದ. ಬಾಯಿಗೆ ಯಾವ ಭಾಷೆಯೂ ಬರಲಿಲ್ಲ. ಆಗ ಅವಳ ಬಲಗೈ, ಅವಳನ್ನು ಕೇಳದೆ, ಬಲತೊಡೆಯ ಹಿಂಭಾಗವನ್ನು ಹಿಡಿದುಕೊಂಡಿತು. ಅಷ್ಟೇ. ಸುಳ್ಳು ಹೇಳಿದ್ದು ಅಷ್ಟೇ. ಮಿಕ್ಕದ್ದನ್ನೆಲ್ಲ ಬೇರೆಯವರೇ ಮಾಡಿದರು. ಇಬ್ಬರು ಓಡಿಬಂದು ಅವಳನ್ನು ಮಗುಚಿ ಮಲಗಿಸಿ, ಡಬ್ಬಿಯೊಂದರಿಂದ ತೊಡೆಗೆ ಬುಸ್ಸೆಂದು ಏನೋ ಹೊಡೆದರು. ಚರ್ಮ ಮಂಜಿನ ಹಾಗೆ ಬೆಳ್ಳಗಾಗಿ, ಮುಟ್ಟಿದರೆ ಗೊತ್ತಾಗದಂತೆ ಜೋಮು ಹಿಡಿಯಿತು. ಪಟ್ಟಾಭಿರಾಮ ಮೇಷ್ಟ್ರು ಬೇಲಿ ಹಾರಿ ಬಂದು, 'ಮಸಲ್ ಪುಲ್ಲಾ? ಹೂಂ ಅನ್ನಮ್ಮ, ಮಸಲ್ ಪುಲ್ಲಾ?' ಎಂದರು. ಅವರ ಮುಖದಲ್ಲಿ ಬೇಡಿಕೆಯಿತ್ತು. ಹೂಂ ಎಂದಳು. ಬೆಂಗಳೂರಿನಲ್ಲಿ ವಿಮಾನದ ಮೆಟ್ಟಿಲು ಇಳಿಯುವಾಗ ಮೊದಲ ಸಲ ಕುಂಟಿದಳು. ಹಾರ ಹಿಡಿದು ಬಂದಿದ್ದವರು ನಾಲ್ಕೇ ಜನ, ಅವರೆಲ್ಲರ ಕಣ್ಣೂ ಅವಳ ಕಾಲಿನ ಮೇಲಿತ್ತು.

ಗುಬ್ಬಿ ಬಂತು. ಕಂಡಕ್ಟರ್ ಬಸ್ಸನ್ನು ಪೂರ್ತಿ ನಿಲ್ಲಿಸಿ, ಕೈಕೊಟ್ಟು ಇಳಿಸಿದ. ಅಪ್ಪನೂ ಹೀಗೇ ಕೈಕೊಟ್ಟು ಎತ್ತಿನಗಾಡಿಯಿಂದ ಇಳಿಸಿದ್ದ, ಕುಣಿಗಲ್ ಹತ್ತಿರ ಮೂಳೆ ಕಟ್ಟುವ ಕದರಯ್ಯನ ಮನೆಯ ಮುಂದೆ. ಕದರಯ್ಯ ತುಂಬ ವಯಸ್ಸಾದವನು. ಅವಳ ತೊಡೆಯಿಂದ ಹಿಮ್ಮಡಿಯವರೆಗೆ ಹೆಬ್ಬೆರಳಿನಿಂದ ಒತ್ತಿಕೊಂಡು ಬಂದ. ಒಂದು ಸಲ, ಎರಡು ಸಲ. ಮೂರನೆಯ ಸಲ ಒತ್ತದೆ ಅವಳ ಮುಖ ನೋಡಿದ. 'ಗಂಗಹನುಮಯ್ಯ, ಒಸಿ ಬಿಸಿನೀರು ತಕಂಬಾ ಒಳಗಿಂದ' ಎಂದು ಅಪ್ಪನನ್ನು ಒಳಕ್ಕೆ ಕಳಿಸಿ, ತಗ್ಗಿದ ದನಿಯಲ್ಲಿ ಹೇಳಿದ: 'ಕಾಲು ಚೆಂದಾಗದೆ ಮಗ. ಕಟ್ಟು ಕಟ್ಟಬೇಕೋ ಬ್ಯಾಡವೋ, ನೀನೇ ಹೇಳು.' ಅವನ ಮಾತಿನಲ್ಲಿ ಬೈಗುಳವಿರಲಿಲ್ಲ, ಕುತೂಹಲವೂ ಇರಲಿಲ್ಲ. ಬೇಡವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಳಗೆ ಅಪ್ಪ ಪಾತ್ರೆ ತಡಕುವ ಸದ್ದು ಕೇಳಿಸುತ್ತಿತ್ತು. 'ಕಟ್ಟಿ' ಎಂದಳು. ಕದರಯ್ಯ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಸವರಿದ ಬಟ್ಟೆ ಸುತ್ತಿ, ನಿಜವಾಗಿ ಮುರಿದವರಿಗೆ ಕಟ್ಟುವಷ್ಟೇ ಜೋಪಾನವಾಗಿ ಕಟ್ಟಿದ. ದಕ್ಷಿಣೆ ಮಾತ್ರ ಮುಟ್ಟಲಿಲ್ಲ.

ಸ್ಕೂಲಿನ ಗೇಟಿನಲ್ಲೇ ಶಾರದ ಕಾಯುತ್ತಿದ್ದಳು. ಬಿಳಿ ಸೀರೆ, ಕೊರಳಲ್ಲಿ ಸೀಟಿ, ಸ್ವಲ್ಪ ದಪ್ಪಗಾಗಿದ್ದಳು. 'ಬಂದ್ಯಲ್ಲ ಅಂತೂ. ಕಾಲು?' ಎಂದಳು. 'ಪರವಾಗಿಲ್ಲ.' 'ಚಳಿಗೆ ಹಿಡ್ಕೊಳ್ಳುತ್ತಾ?' 'ಒಂದೊಂದ್ಸಲ.' ಶಾರದ ಅವಳ ತೋಳಿನ ಕೆಳಗೆ ಕೈಯಿಟ್ಟು, ಭಾರವನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ನಡೆಸಿದಳು. ಆ ಹಿಡಿತ ಹೊಂಬಾಳಮ್ಮನಿಗೆ ಗೊತ್ತಿದ್ದದ್ದೇ. ಕಟ್ಟು ಬಿಚ್ಚಿದ ಮೇಲೆ ಒಂದು ತಿಂಗಳು, ದಿನವೂ ಸಂಜೆ, ಶಾರದ ಚಿಕ್ಕಪೇಟೆಯಿಂದ ಮರಳೂರಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಅವಳ ತಾಯಿ ಅಂಬುಜಮ್ಮ ಕಾಸಿಕೊಟ್ಟ ಎಣ್ಣೆ ಸಣ್ಣ ಸೀಸೆಯಲ್ಲಿ ಇನ್ನೂ ಬೆಚ್ಚಗಿರುತ್ತಿತ್ತು. ಹೊಂಬಾಳಮ್ಮನನ್ನು ಬೋರಲು ಮಲಗಿಸಿ, ಮಂಡಿಯೂರಿ ಕೂತು ಅರ್ಧ ಗಂಟೆ ತೀಡುತ್ತಿದ್ದಳು. ಅದೇ ಹೊತ್ತಿಗೆ ಗ್ರೌಂಡಿನಲ್ಲಿ ಪ್ರಾಕ್ಟೀಸು ನಡೆಯುತ್ತಿತ್ತು. 'ನೀನ್ ಹೋಗು ಶಾರದ, ಸ್ಟೇಟ್ ಮೀಟ್ ಹತ್ರ ಬಂತು' ಎಂದರೆ, 'ನೀನಿಲ್ದೆ ಯಾರ್ ಜೊತೆ ಓಡ್ಲಿ' ಎನ್ನುತ್ತಿದ್ದಳು. ಆ ಸ್ಟೇಟ್ ಮೀಟ್‌ನಲ್ಲಿ ಶಾರದ ಐದನೆಯವಳಾಗಿ ಬಂದಳು. ಆಮೇಲೆ ಓಡಲಿಲ್ಲ. ಏನೂ ಆಗದ ಒಂದು ಕಾಲು ಅವಳ ಕೈಯಲ್ಲಿ ದಿನದಿನವೂ ಎಣ್ಣೆ ಕುಡಿದು ಮಿರುಗುತ್ತಿತ್ತು. ಹೊಂಬಾಳಮ್ಮ ದಿಂಬಿನಲ್ಲಿ ಮುಖವಿಟ್ಟು, ಗೋಡೆಯಾಚೆ ಮಾಲೀಕರ ಮನೆಯಲ್ಲಿ ಯಾರೋ ಸೌಟು ಕುಟ್ಟುವುದನ್ನು ಎಣಿಸುತ್ತ ಮಲಗಿರುತ್ತಿದ್ದಳು.

ಹೆಡ್‌ಮಾಸ್ಟರ್ ಸೀತಾರಾಮಯ್ಯನವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಮೈದಾನದಲ್ಲಿ ಮುನ್ನೂರು ಮಕ್ಕಳು ಬಿಸಿಲಿಗೆ ಕಣ್ಣು ಕಿರಿದುಮಾಡಿ ಕೂತಿದ್ದರು. 'ಮಕ್ಕಳೇ, ಕಾಲಿನ ಮಾಂಸಖಂಡ ಹರಿದುಹೋದರೂ, ಪ್ರಾಣ ಹೋಗುವಂಥ ನೋವಿದ್ದರೂ, ಈ ತಾಯಿ ನಿಲ್ಲಲಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಕಾಲಿನಲ್ಲಿ ಓಟ ಮುಗಿಸಿದರು! ಬಿಳಿಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು!' ಹೊಂಬಾಳಮ್ಮ ಬೆಚ್ಚಿ ಶಾರದಳ ಕಡೆ ನೋಡಿದಳು. ಪೇಪರಿನಲ್ಲಿ ಬಂದಿದ್ದು ಇಷ್ಟಿರಲಿಲ್ಲ. ಈ ಒಂದು ಕಾಲಿನ ಓಟ ಎಲ್ಲಿಂದ ಹುಟ್ಟಿತೋ. ಶಾರದ ಅಭಿಮಾನದಿಂದ ತಲೆಯಾಡಿಸುತ್ತಿದ್ದಳು. ಅವಳೇ ಹೇಳಿರಬೇಕು. ತನ್ನ ಗೆಳತಿಗೆಂದು ಆ ಅರವತ್ತು ಮೀಟರನ್ನು ಅವಳೇ ಓಡಿಸಿರಬೇಕು. ಮೈಕು ಹೊಂಬಾಳಮ್ಮನ ಕೈಗೆ ಬಂತು. ಬೆಳಿಗ್ಗೆ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ನಾಲ್ಕು ಮಾತು, ಶ್ರದ್ಧೆ, ಶಿಸ್ತು, ಇತ್ಯಾದಿ, ಒಂದೂ ಸಿಕ್ಕಲಿಲ್ಲ. ಧೈರ್ಯ ಮಾಡಿದಳು ಎಂದೇನೂ ಅಲ್ಲ. ಎಕ್ಸ್‌ಚೇಂಜಿನಲ್ಲಿ ನಂಬರ್ ಓದಿ ಹೇಳುವ ಅದೇ ಸಪಾಟು ದನಿಯಲ್ಲಿ, 'ನಾನು ಓಡ್ಲಿಲ್ಲ' ಎಂದಳು. 'ನನ್ ಕಾಲಿಗೆ ಏನೂ ಆಗಿರ್ಲಿಲ್ಲ. ಗುಂಡು ಹಾರ್ತು. ಇನ್ನೊಂದು ಹಾರುತ್ತೆ, ಎಲ್ರನ್ನೂ ವಾಪಸ್ ಕರೀತಾರೆ ಅಂದ್ಕೊಂಡು ಅಲ್ಲೇ ಕೂತಿದ್ದೆ. ಅಷ್ಟೊತ್ತಿಗೆ ಮುಗ್ದೋಗಿತ್ತು. ಕಾಲು ನೋವು ಅಂತ ಸುಳ್ಳು ಹೇಳ್ದೆ.'

ಮೈಕು ಕುಂಯ್ಗುಟ್ಟಿತು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು, ಮಾತು ಮುಗಿದಾಗ ತಟ್ಟಬೇಕೆಂದು ಹೇಳಿಕೊಟ್ಟಿದ್ದ ಚಪ್ಪಾಳೆ. ಮುನ್ನೂರು ಮಕ್ಕಳೂ ತಟ್ಟಿದರು. ಸೀತಾರಾಮಯ್ಯನವರು ಮೈಕು ಕಸಿದುಕೊಂಡು, 'ನೋಡಿದಿರಾ ಮಕ್ಕಳೇ, ಎಂಥಾ ವಿನಯ! ದೊಡ್ಡವರು ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ' ಎಂದರು. ಮತ್ತೆ ಚಪ್ಪಾಳೆ. ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಹೇಳಿದರೂ ಹೇಳದಂತಾಯಿತಲ್ಲ ಎಂದು ಹೊಂಬಾಳಮ್ಮ ಯೋಚಿಸುತ್ತಿರುವಾಗಲೇ, ಆ ಮುನ್ನೂರು ಜನರ ನಡುವೆ ಕೈ ತಟ್ಟದೆ ನಿಂತಿದ್ದ ಒಬ್ಬಳು ಕಣ್ಣಿಗೆ ಬಿದ್ದಳು. ಶಾರದ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಆಮೇಲೆ ಹುಡುಗಿಯರ ನೂರು ಮೀಟರು, ರಿಲೇ, ಲಿಂಬೆಹಣ್ಣಿನ ಓಟ ಎಲ್ಲ ನಡೆದವು. ಶಾರದ ಒಂದೂ ತಪ್ಪದೆ ನಡೆಸಿದಳು. ಒಮ್ಮೆಯೂ ವೇದಿಕೆಯ ಕಡೆ ನೋಡಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು, ಎರಡು ಮಾರು ದೂರದಲ್ಲಿ. ಅರ್ಧ ದಾರಿಯಲ್ಲಿ ನಿಂತು, 'ಇನ್ಯಾಕೆ ಕುಂಟ್ತೀಯ?' ಎಂದಳು. ಹೊಂಬಾಳಮ್ಮ ತನ್ನ ಕಾಲು ನೋಡಿಕೊಂಡಳು. ಕುಂಟುತ್ತಿದ್ದಳು. 'ಗೊತ್ತಾಗ್ಲಿಲ್ಲ' ಎಂದಳು. ನೆಟ್ಟಗೆ ಹೆಜ್ಜೆಯಿಡಲು ನೋಡಿದಳು; ಯಾರದೋ ಚಪ್ಪಲಿ ಮೆಟ್ಟಿಕೊಂಡಂತೆ ಎಡವಿದಳು.

ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಸೋಡಾ ಅಂಗಡಿಯ ನೆರಳಿನಲ್ಲಿ ನಿಂತರು. 'ಬಯ್ಯಿ' ಎಂದಳು ಹೊಂಬಾಳಮ್ಮ, 'ಒಂದು ತಿಂಗ್ಳು ಎಣ್ಣೆ ತೀಡಿದ್ಯಲ್ಲ. ನಿನ್ ಓಟಾನೇ ಹೋಯ್ತು ನನ್ನಿಂದ. ಬಯ್ಯಿ.'

'ನಿನ್ ಸೇವೆ ಮಾಡಕ್ಕೆ ಬರ್ತಿದ್ದೆ ಅಂದ್ಕೊಂಡಿದೀಯಾ?' ಶಾರದ ರಸ್ತೆ ನೋಡುತ್ತಲೇ ಹೇಳಿದಳು. 'ಒತ್ತಿ ಒತ್ತಿ, ಇಲ್ಲಿ ನೋವಾಗುತ್ತಾ, ಇಲ್ಲಿ, ಅಂತ ಕೇಳ್ತಿದ್ದೆ. ಜ್ಞಾಪಕ ಇದ್ಯಾ? ನೀನು ಹೂಂ ಅಂದಾಗ ನಂಗೆ ಒಂಥರಾ ಹಿತ ಆಗೋದು ಕಣೇ. ನನ್ನ ಬಿಟ್ಟು ಹೋದ್ಳು, ಅನುಭವಿಸ್ಲಿ ಅನ್ನಿಸೋದು. ಆ ಹಿತಕ್ಕೇ ದಿನಾ ಸೈಕಲ್ ತುಳ್ಕೊಂಡು ಬರ್ತಿದ್ದೆ. ವಾಪಸ್ ಹೋಗ್ತಾ ದಾರಿ ಉದ್ದಕ್ಕೂ ಅಳ್ತಿದ್ದೆ, ಎಂಥಾ ಪಾಪಿ ನಾನು ಅಂತ. ಎರಡು ವರ್ಷ ಅದನ್ನ ಹೊತ್ಕೊಂಡಿದೀನಿ. ನಿಂಗೆ ಹೇಳಿ ಕಾಲು ಹಿಡ್ಕೊಳ್ಳೋಣ ಅಂತಾನೇ ಇವತ್ತು ಕರ್ಸಿದ್ದು.' ಈಗ ಅವಳ ಕಡೆ ತಿರುಗಿದಳು. 'ಯಾವ ಕಾಲು ಹಿಡೀಲಿ ಈಗ? ಹೇಳು. ಯಾವ ಕಾಲು?'

ಮುಖಕ್ಕೆ ರಪ್ಪೆಂದು ಬಾರಿಸಿದ್ದರೂ ಹೊಂಬಾಳಮ್ಮನಿಗೆ ಇಷ್ಟು ದಿಗ್ಭ್ರಮೆಯಾಗುತ್ತಿರಲಿಲ್ಲ. ತಾನು ಮೋಸ ಮಾಡಿದೆ ಎಂದು ಇಷ್ಟು ದಿನ ಒಬ್ಬಳೇ ಮೂಲೆಯಲ್ಲಿ ಕೂತಿದ್ದ ಕತ್ತಲ ಕೋಣೆಯಲ್ಲಿ ಇನ್ನೊಬ್ಬಳೂ ಉದ್ದಕ್ಕೂ ಕೂತಿದ್ದಳೆಂಬುದು ಈಗ ತಿಳಿದಂತಾಗಿ, ಆ ಇನ್ನೊಬ್ಬಳ ಕಡೆ ಕೈಚಾಚಬೇಕೆನ್ನಿಸಿತು. ಕೈ ಏಳಲಿಲ್ಲ. ಬಸ್ಸು ಬಂತು. ಶಾರದ ತಿರುಗಿ ಹೊರಟುಹೋದಳು. ಹಾರವನ್ನು ಯಾವಾಗ ಎಲ್ಲಿ ಬಿಟ್ಟಳೆಂದು ಹೊಂಬಾಳಮ್ಮನಿಗೆ ಆಮೇಲೆ ನೆನಪಾಗಲಿಲ್ಲ. ಬಸ್ಸಿನಲ್ಲಿ ಜಾಗವಿದ್ದರೂ ತುಮಕೂರಿನವರೆಗೆ ನಿಂತೇ ಬಂದಳು.

ಮಾರನೆಯ ದಿನ ಬೆಳಗಿನ ಪಾಳಿ. ಹನ್ನೊಂದು ಗಂಟೆಯ ಹೊತ್ತಿಗೆ ಬೋರ್ಡಿನಲ್ಲಿ ಗುಬ್ಬಿಯ ದೀಪ ಹತ್ತಿತು. ಪಿನ್ನು ಚುಚ್ಚಿ, 'ತುಮಕೂರು' ಎಂದಳು. ಅತ್ತಲಿನ ಆಪರೇಟರ್, 'ಹೊಂಬಾಳಮ್ಮ ಅನ್ನೋರಿಗೇ ಬೇಕಂತೆ, ಸ್ಕೂಲಿಂದ' ಎಂದು ಲೈನು ಕೊಟ್ಟಳು.

'ನಾನು' ಎಂದಳು ಶಾರದ.

'ಹೇಳು.'

'ಅವತ್ತು ನಿನ್ ಹೀಟ್‌ನಲ್ಲಿ ಗೆದ್ದೋಳ ಟೈಮೆಷ್ಟು?'

'ಏಳು ಪಾಯಿಂಟ್ ಮೂರು.' ಯೋಚಿಸಬೇಕಾಗಲಿಲ್ಲ.

'ಕಡೇಲಿ ಬಂದೋಳದು?'

'ಏಳು ಪಾಯಿಂಟ್ ಆರು.'

'ಟ್ರಯಲ್‌ನಲ್ಲಿ ನಂದು ಏಳು ಪಾಯಿಂಟ್ ಎಂಟು' ಎಂದಳು ಶಾರದ. 'ನಾನ್ ಹೋಗಿದ್ರೂ ಕಡೆಗೇ ಬರ್ತಿದ್ದೆ.'

'ಹೂಂ.'

'ಆದ್ರೆ ಓಡಿ ಬರ್ತಿದ್ದೆ ಕಣೇ.'

ಪಕ್ಕದ ಸ್ಟೂಲಿನಲ್ಲಿ ರಂಗಲಕ್ಷ್ಮಮ್ಮ ಯಾರಿಗೋ ಜೋರಾಗಿ ನಂಬರ್ ಹೇಳುತ್ತಿದ್ದಳು. ಬೋರ್ಡಿನಲ್ಲಿ ಇನ್ನೂ ಮೂರು ದೀಪ ಹತ್ತಿದವು. ಹೊಂಬಾಳಮ್ಮನ ಕೆನ್ನೆಯ ಮೇಲೆ ಏನೋ ಬಿಸಿಯಾಗಿ ಇಳಿದು, ಹೆಡ್‌ಫೋನಿನ ಪಟ್ಟಿಯೊಳಗೆ ಸೇರಿತು. ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಿತ್ತು. ಮುಗಿಯಿತೆಂದು ಹೇಳಿ ಲೈನು ಕಡಿಯಬೇಕಾದವಳು ಅವಳೇ. ಕಡಿಯಲಿಲ್ಲ. ಅತ್ತಲಿಂದಲೂ ಫೋನು ಇಟ್ಟ ಸದ್ದು ಬರಲಿಲ್ಲ. ತಂತಿಯಲ್ಲಿ ಗುಂಯ್ ಎನ್ನುವ ಶಬ್ದವೊಂದೇ ಕೇಳುತ್ತಿತ್ತು, ದೂರದಲ್ಲಿ ಸ್ಕೂಲಿನ ಗಂಟೆ, ಮಕ್ಕಳು ಹೊರಗೆ ನುಗ್ಗುವ ಗದ್ದಲ.

'ಹೊಂಬಾಳ, ಇದೀಯೇನೇ?' ಎಂದಳು ಶಾರದ.

'ಇದೀನಿ' ಎಂದಳು.